ಸೀಲಿನೊಳಗಿನ ಸಿಮೆಂಟು

"ಇದೇನೈತಿ, ಹೇಳ್ರಿ."

ತುಳಸಿ ಹಂಚಿನಾಳ ಕೈಚೀಲದಿಂದ ಬೂದು ಬಣ್ಣದ ಗಟ್ಟಿಯೊಂದನ್ನು ತೆಗೆದು ಗಾಜಿನ ಕೌಂಟರಿನ ಮೇಲೆ ಟಪ್ಪನೆ ಇಟ್ಟಳು. ಅರ್ಧ ಸವೆದ ಬಟ್ಟೆ ಸಾಬೂನಿನಷ್ಟು ದೊಡ್ಡದು. ಅಂಚೆಲ್ಲ ಒರಟು. ಒಂದು ಬದಿಗೆ ಅಂಟು ಒಣಗಿ ಹಳದಿಯಾಗಿತ್ತು.

ಕೌಂಟರಿನ ಆಚೆ ನಿಂತಿದ್ದ ಅಂಗಡಿಯ ಮಾಲೀಕ, ಕರಾವಳಿ ಕಡೆಯ ಸುಜಿತ್ ಅದನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಅವನ ವ್ಯಾಪಾರದ ನಗೆ ಮಾತ್ರ ಕದಲಲಿಲ್ಲ.

"ಕಲ್ಲಲ್ವಾ ಮೇಡಂ?"

"ಸಿಮೆಂಟು. ನೀವು ಮಾರಿದ ಕಂಪ್ಯೂಟರಿನ ಹೊಟ್ಟ್ಯಾಗ ಸಿಕ್ತು."

ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ, ಜಾಲನಾ ರಸ್ತೆಯಲ್ಲಿದ್ದ 'ತೂಫಾನ್ ಗೇಮಿಂಗ್' ಅಂಗಡಿ ಮಧ್ಯಾಹ್ನದ ಬಿಸಿಲಲ್ಲೂ ಮದುವೆ ಮನೆಯ ಹಾಗೆ ಮಿನುಗುತ್ತಿತ್ತು. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು. ಪ್ರತಿಯೊಂದರೊಳಗೂ ಕೆಂಪು, ನೀಲಿ, ಹಸಿರು ಬೆಳಕಿನ ಫ್ಯಾನುಗಳು ತಿರುಗುತ್ತಿದ್ದವು. ಮೇಲೆ ಮರಾಠಿಯಲ್ಲಿ ದೊಡ್ಡ ಫಲಕ: ಕಟ್ಟುವ ತಲೆನೋವು ನಮಗಿರಲಿ, ಆಡುವ ಖುಷಿ ನಿಮಗಿರಲಿ. ಅದರ ಕೆಳಗಿನ ಸೋಫಾದಲ್ಲಿ ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಬಂದ ಹೆಂಗಸೊಬ್ಬಳು ಚಹಾ ಕುಡಿಯುತ್ತಾ ಕೂತಿದ್ದಳು.

ತುಳಸಿಗೆ ಆ ಫಲಕ ಓದಿದಾಗಲೇ ಮೈ ಉರಿದಿತ್ತು.

ನಾಸಿಕ್‌ನಲ್ಲಿ ಮುದ್ದಣ್ಣನ ಶಾಕಾಹಾರಿ ಹೋಟೆಲಿನ ಮೇಲ್ಮಹಡಿಯಲ್ಲಿ ಇದೇ ಅಂಗಡಿಯ ಕಂಪ್ಯೂಟರಿಗೆ ಬೆಂಕಿ ಹತ್ತಿ, ಅವನ ಮಗಳು ಸಾಹಿತ್ಯಳ ಬಲಗೈ ಸುಟ್ಟುಹೋಗಿತ್ತು. ಅದನ್ನು ಬಿಚ್ಚಿ ಕೆಡಿಸಿದವನು ತನ್ನ ತಂಗಿಯ ಮಗ ಶ್ರೀನಿಧಿಯೇ ಎಂದು ಮುದ್ದಣ್ಣ ದೂರು ಕೊಟ್ಟು, ಹುಡುಗನನ್ನು ಪೊಲೀಸರು ಒಳಗೆ ಹಾಕಿದ್ದರು.

ಶ್ರೀನಿಧಿಯ ತಾಯಿ ಗುಣವತಿ, ತುಳಸಿಗೆ ನಾಸಿಕ್ ಹತ್ತಿರದ ಓಝರ್ ಕಡೆಯ ವಿಮಾನ ಕಾರ್ಖಾನೆಯ ವಸತಿಯಲ್ಲಿ ಪಕ್ಕದ ಮನೆಯವಳಾಗಿದ್ದಳು. ತುಳಸಿ ಆಗ ಆ ಕಾರ್ಖಾನೆಯಲ್ಲಿ ತಪಾಸಣೆಯ ಎಂಜಿನಿಯರ್. ಈಗ ಕೆಲಸ ಬಿಟ್ಟು ನಾಸಿಕ್‌ನಲ್ಲಿ ಪತ್ತೇದಾರಿ ಕಚೇರಿ ಇಟ್ಟುಕೊಂಡಿದ್ದಾಳೆ. ಗುಣವತಿ ಕೇಳಿಕೊಂಡಳೆಂದೇ ಈ ಕೇಸು ಹಿಡಿದದ್ದು. ಧಾರವಾಡ ಬಿಟ್ಟು ಎಷ್ಟೋ ವರ್ಷವಾದರೂ ಮಾತು ಅಲ್ಲಿಯದೇ, ಸಿಟ್ಟೂ ಅಲ್ಲಿಯದೇ.

"ಮೇಡಂ, ಎಲ್ಲಿಂದಲೋ ಒಂದು ಕಲ್ಲು ತಂದು ನನ್ನ ಕೌಂಟರ್ ಮೇಲೆ ಇಟ್ರೆ ಏನರ್ಥ? ಪ್ರೂಫ್ ಏನಿದೆ?" ಸುಜಿತ್ ದನಿ ತಗ್ಗಿಸಿದ. "ನಾಸಿಕ್ ಮಶೀನ್ ಸೀಲ್ ಒಡೆದಿತ್ತು. ಪೊಲೀಸರೇ ಬರೆದಿದ್ದಾರೆ. ಯಾರು ಏನು ತುರುಕಿದ್ರೋ ನಂಗೇನು ಗೊತ್ತು?"

"ಇದು ನಾಸಿಕ್‌ದಲ್ಲ. ವೇರೂಳದ್ದು."

ಸುಜಿತ್‌ನ ನಗೆ ಆಗ ಕದಲಿತು.

ತುಳಸಿಗೆ ಆ ಸುಳಿವು ಸಿಕ್ಕಿದ್ದು ಅವನದೇ ಜಂಬದಿಂದ. ಗಿರಾಕಿಗಳು ಹೊಸ ಕಂಪ್ಯೂಟರ್ ತಬ್ಬಿಕೊಂಡು ನಗುತ್ತಿರುವ ಫೋಟೋಗಳನ್ನು ಅಂಗಡಿಯ ಪುಟದಲ್ಲಿ ಸಾಲಾಗಿ ಹಾಕಿದ್ದ. ಒಂದರಲ್ಲಿ ಹಿಂದೆ ಲಾಡ್ಜಿನ ಬೋರ್ಡು ಕಾಣುತ್ತಿತ್ತು. ವೇರೂಳದ ಎಲ್ಲೋರಾ ಗುಹೆ ನೋಡಲು ಬರುವವರು ಇಳಿದುಕೊಳ್ಳುವ ಆ ಲಾಡ್ಜಿನ ಮಾಲೀಕ ಓಂಕಾರ. ಸಾಹಿತ್ಯಳ ಕಂಪ್ಯೂಟರ್ ಮಾರಾಟವಾದ ದಿನಗಳಲ್ಲೇ ಅವನೂ ಅದೇ ಹೆಸರಿನ, ಅದೇ ಬೆಲೆಯ ಕಂಪ್ಯೂಟರ್ ಕೊಂಡಿದ್ದ.

ಅವನದರ ಪೆಟ್ಟಿಗೆಗೆ ಅಂಗಡಿಯವರು ಅಂಟಿಸಿದ್ದ ಸೀಲು ಹೊಸ ಮದುಮಗನ ಬಾಸಿಂಗದ ಹಾಗೆ ಇನ್ನೂ ಹೊಳೆಯುತ್ತಿತ್ತು.

ಹಿಂದಿನ ದಿನವೇ ವಯರು ಕಿತ್ತಿಟ್ಟು, ಇವತ್ತು ಬೆಳಿಗ್ಗೆ ಲಾಡ್ಜಿನ ವರಾಂಡದಲ್ಲಿ ನಾಲ್ಕು ಜನರ ಮುಂದೆ ಅದನ್ನು ಬಿಚ್ಚಿದ್ದರು. ಸೀಲನ್ನು ಓಂಕಾರನೇ ತನ್ನ ಕೈಯಿಂದ ಕತ್ತರಿಸಿದ. ಒಳಗೆ ಮೂಲೆಯಲ್ಲಿ ಪವರ್ ಸಪ್ಲೈ ಕೂತಿತ್ತು. ಗೋಡೆಯಿಂದ ಬರುವ ಕರೆಂಟನ್ನು ತೆಗೆದುಕೊಂಡು ಒಳಗಿನ ಎಲ್ಲಕ್ಕೂ ಹಂಚುವ ಕಬ್ಬಿಣದ ಡಬ್ಬಿ ಅದು. ಮೇಲೆ ಒಳ್ಳೆಯ ಕಂಪನಿಯ ಸ್ಟಿಕರ್. ಉಗುರಿನಿಂದ ಕೆರೆದರೆ ಅದರಡಿಯಲ್ಲಿ ಇನ್ನೊಂದು, ಕೇಳಿಲ್ಲದ ಹೆಸರು.

ತುಳಸಿ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದಳು. ಒಳಗಿದ್ದ ಬಿಡಿಭಾಗಗಳು ರೇಡಿಯೋಗೂ ಸಾಲದಷ್ಟು. ವಯರುಗಳು ದಾರದ ಹಾಗೆ ತೆಳ್ಳಗೆ. ಹೆಚ್ಚು ಕರೆಂಟ್ ಎಳೆದರೆ ತಾನೇ ನಿಲ್ಲಬೇಕಾದ ರಕ್ಷಣೆಯ ವ್ಯವಸ್ಥೆ ಇರಬೇಕಾದ ಜಾಗ ಖಾಲಿ. ಕೈಯಲ್ಲಿ ಹಿಡಿದವರಿಗೆ ತೂಕ ಬರಲಿ ಎಂದು ಆ ಖಾಲಿ ಜಾಗಕ್ಕೆ ಸಿಮೆಂಟಿನ ಗಟ್ಟಿಯನ್ನು ಅಂಟಿಸಿದ್ದರು.

ಓಂಕಾರ ಮೇಲಿನ ರೂಮುಗಳ ಕಡೆ ನೋಡಿದ. ಆಮೇಲೆ "ರಾತ್ರಿಯೆಲ್ಲ ಇದನ್ನ ಚಾಲೂ ಬಿಟ್ಟು ಮಲಗ್ತಿದ್ದೆ ತಾಯಿ. ಮೇಲೆ ಹನ್ನೊಂದು ರೂಮು, ತುಂಬ ಜನ" ಎಂದಿದ್ದ.

ತುಳಸಿ ಈಗ ಮೊಬೈಲಿನಲ್ಲಿ ಆ ವೀಡಿಯೊ ಹಚ್ಚಿ ಕೌಂಟರಿನ ಮೇಲೆ ತಿರುಗಿಸಿ ಇಟ್ಟಳು. ಸೀಲು ಕತ್ತರಿಸುವ ಓಂಕಾರನ ಕೈ ಕಾಣಿಸಿತು.

ಸುಜಿತ್ ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

"ಸೀಲ್ ಒಡೆದ್ರಾ? ಹಾಗಾದ್ರೆ ವಾರಂಟಿ ಹೋಯ್ತಲ್ಲ!"



"ವಾರಂಟಿ!" ತುಳಸಿಯ ದನಿ ಏರಿತು. "ಒಡೀಲಿಲ್ಲ ಅಂದ್ರ ಒಳಗೇನೈತಿ ಗೊತ್ತಾಗೂದಿಲ್ಲ. ಒಡದು ನೋಡಿದ್ರ ನಿಮ್ಮ ಜವಾಬ್ದಾರಿ ಇಲ್ಲ. ಎಷ್ಟ್ ಚೆಂದ ಹೂಡೀರಿ ನೋಡ್ರಿ! ಇಪ್ಪತ್ತೆರಡು ವರ್ಷದ ಹುಡುಗಿ ದವಾಖಾನ್ಯಾಗ ಬಿದ್ದಾಳ. ಬೆರಳು ಮಡಚಾಕ ಬರತಾವೋ ಇಲ್ಲೋ ಡಾಕ್ಟರ್ ಬಾಯಿ ಬಿಡವಲ್ಲರು. ಅಕಿ ಆ ಕೈಲೆ ಕಂಪ್ಯೂಟರ್ ಆಟ ಆಡಾಕಿ, ಗೊತ್ತೈತಿಲ್ಲೋ? ದೇಶದ ಹೆಣ್ಣುಮಕ್ಕಳ ತಂಡಕ್ಕ ಆರಿಸಿದ್ರು ಅಕಿನ್ನ. ಆ ತಂಡ ಈಗ ಅಕಿನ್ನ ಬಿಟ್ಟು ಹೊಂಟೈತಿ."

"ಮೇಡಂ, ಹಳೂ ಬೋಲಾ, ಮೆಲ್ಲಗೆ..."

"ಯಾಕ? ಗಿರಾಕಿ ಕೇಳಿಸ್ಕೋತಾರಂತೇನು? ಕೇಳಿಸ್ಕೊಳ್ಳಲಿ!"

ಸೋಫಾದ ಮೇಲಿನ ಹೆಂಗಸು ಚಹಾದ ಲೋಟ ಕೆಳಗಿಟ್ಟಳು. ಕನ್ನಡ ಬಾರದಿದ್ದರೂ ಒಂದು ಶಬ್ದ ಅವಳಿಗೆ ಚೆನ್ನಾಗಿಯೇ ತಿಳಿದಿತ್ತು.

"ಸಿಮೆಂಟ್? ಖರಂಚ್?" ನಿಜವಾಗಿಯೂನಾ ಎಂದು ಮರಾಠಿಯಲ್ಲಿ ಕೇಳಿದಳು.

"ಖರಂಚ್," ಎಂದು ತುಳಸಿ ಗಟ್ಟಿಯನ್ನು ಎತ್ತಿ ತೋರಿಸಿದಳು.

"ಚಲ ಗ, ಊಠ್." ಹೆಂಗಸು ಮಗಳ ತೋಳು ಹಿಡಿದು ಎಬ್ಬಿಸಿದಳು. ಅವರ ಹಿಂದೆ ಗಾಜಿನ ಬಾಗಿಲು ತೂಗಾಡಿ ನಿಂತಿತು.

ಸುಜಿತ್ ಕೆಲಸದವರಿಬ್ಬರನ್ನು ಊಟಕ್ಕೆ ಕಳಿಸಿದ. ಅರ್ಧ ಶಟರ್ ಎಳೆದ. "ಒಳಗೆ ಬನ್ನಿ," ಎಂದ.

ಒಳಕೋಣೆಗೆ ಹೋಗುವಾಗ ತುಳಸಿಗೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ ಶ್ರೀನಿಧಿ ನೆನಪಾದ. ನಾಸಿಕ್‌ನದೇ ಸಾತಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ. ನಾಲ್ಕು ದಿನದ ಗಡ್ಡ. ತನ್ನ ಜಾಮೀನಿಗಿಂತ ಹೆಚ್ಚಾಗಿ ಕಂಪ್ಯೂಟರಿನ ಬಗ್ಗೆಯೇ ಮಾತಾಡಿದ್ದ.

"ಆಂಟಿ, ಕಂಪ್ಯೂಟರ್ ಕಟ್ಟೋದು ದೊಡ್ಡ ವಿದ್ಯೆ ಏನಲ್ಲ. ಸಾಮಾನು ತಂದು ಜೋಡಿಸಿದ್ರೆ ಆಯ್ತು, ಬಸ್. ಆದ್ರೆ ಒಂದೊಂದು ಸಾಮಾನೂ ನಮ್ಮ ಕೈ ದಾಟಿ ಹೋಗಿರ್ತದೆ. ರೆಡಿಮೇಡ್‌ನಲ್ಲಿ ಕಣ್ಣಿಗೆ ಕಾಣೋದನ್ನ ಚಂದ ಹಾಕ್ತಾರೆ. ಕಾಣದೇ ಇರೋದ್ರಲ್ಲಿ ಕೈ ತೋರಿಸ್ತಾರೆ. ಮಾವನಿಗೆ ಎಷ್ಟು ಸಲ ಹೇಳಿದೆ, ನಾನು ಕಟ್ಟಿಕೊಡ್ತೇನೆ ಅಂತ. ಐಕಲಂಚ್ ನಾಹಿ, ಕೇಳಲೇ ಇಲ್ಲ."

"ಮತ್ತ ನೀ ಅದನ್ನ ಬಿಚ್ಚಿದ್ದು ಯಾಕ?"

"ಸುಟ್ಟ ವಾಸನೆ ಬರ್ತಿದೆ ಅಂತ ಸಾಹಿತ್ಯಳೇ ಕರೆದಳು. ಬಿಚ್ಚಿದೆ, ನೋಡಿದೆ, ಮುಚ್ಚಿದೆ. ಹಚ್ಚಬೇಡ ಅಂತ ಹೇಳಿ ಬಂದೆ. ಅಷ್ಟೇ ಆಂಟಿ."

ಆಸ್ಪತ್ರೆಯ ಕಾರಿಡಾರಿನಲ್ಲಿ ಮುದ್ದಣ್ಣ ಹೇಳಿದ ಮಾತೂ ಅವಳಿಗೆ ಮರೆತಿರಲಿಲ್ಲ. ಅದರಲ್ಲೂ ಒಂದು ನ್ಯಾಯ ಇದೆ ಅಂತ ಆಗ ಅನಿಸಿತ್ತು.

"ಅವನು ಕಟ್ಟಿದ್ದು ಹಾಳಾದ್ರೆ ನಾನು ಯಾರ ಅಂಗಡಿ ಮುಂದೆ ಹೋಗಿ ನಿಲ್ಬೇಕು ಹೇಳಿ? ಹತ್ತು ಕಡೆಯ ಸಾಮಾನು. ಅವ ಇವನ ಮೇಲೆ ಹಾಕ್ತಾನೆ, ಇವ ಅವನ ಮೇಲೆ. ರೆಡಿಮೇಡ್ ಅಂದ್ರೆ ಒಂದೇ ಅಂಗಡಿ, ಒಬ್ಬನೇ ಜವಾಬ್ದಾರ. ಅದೂ ನಮ್ಮೂರ ಕಡೆಯ ಹುಡುಗ ಅಂತ ನಂಬಿದ್ದು, ಮಾರಾಯ್ರೆ."

ಅದನ್ನು ಹೇಳಿ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡಿದ್ದ.

ಆ ಒಬ್ಬನೇ ಜವಾಬ್ದಾರ ಈಗ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದ. ಸುತ್ತ ಬಿಚ್ಚಿದ ಪೆಟ್ಟಿಗೆಗಳು, ಮೇಜಿನ ಮೇಲೆ ಸ್ಕ್ರೂಗಳ ತಟ್ಟೆ. ಕಪಾಟಿನಲ್ಲಿ ಹೊಳೆಯುವ ಸೀಲುಗಳ ಸುರುಳಿ, ಪೇಸ್ಟಿನ ಜಾಹೀರಾತಿನ ಹಲ್ಲುಗಳ ಹಾಗೆ ಬೆಳ್ಳಗೆ.

"ನಾನೇನೂ ಈ ಡಬ್ಬಿ ತಯಾರು ಮಾಡೋದಿಲ್ಲ ಮೇಡಂ," ಎಂದ ಸುಜಿತ್. "ಹೊರಗಿಂದ ಬರೋ ಮಾಲು. ಸಸ್ತಾ ಬರ್ತದೆ, ಹಾಕ್ತೇವೆ. ಬಂದವರು ಏನು ಕೇಳ್ತಾರೆ ಗೊತ್ತುಂಟಾ? ಗ್ರಾಫಿಕ್ಸ್ ಕಾರ್ಡ್ ಯಾವುದು, ಪ್ರೊಸೆಸರ್ ಯಾವುದು, ಲೈಟು ಎಷ್ಟು ಬಣ್ಣ. ಪವರ್ ಸಪ್ಲೈ ಯಾವುದು ಅಂತ ಇಲ್ಲಿವರೆಗೆ ಒಬ್ಬನೂ ಕೇಳಿಲ್ಲ."

"ಕೇಳೂದಿಲ್ಲ ಅಂದ್ರ ನಂಬ್ಯಾರ ಅಂತ ಅರ್ಥ!"

ತುಳಸಿ ಮೇಜಿನ ಮೇಲೆ ಕೈ ಬಡಿದದ್ದಕ್ಕೆ ಸ್ಕ್ರೂಗಳು ಹಾರಿದವು.

"ನಾ ವಿಮಾನದ ಕಾರ್ಖಾನ್ಯಾಗ ಇದ್ದಾಕಿ. ರೆಕ್ಕಿ ಒಳಗಿನ ಮೊಳಿ ಯಾವ ಕಂಪನೀದು ಅಂತ ಒಬ್ಬ ಪೈಲಟ್‌ನೂ ನನ್ನ ಕೇಳಿಲ್ಲ. ಹಂಗಂತ ನಾವು ಅಲ್ಲಿ ಮೇಣ ತುಂಬಿ ಕಳಿಸಿದ್ದಿವೇನು? ನೀವು ಹುಡುಗ್ರ ತಲಿ ಹತ್ರ, ಹಾಸಿಗಿ ಪಕ್ಕ ಇಡೂ ವಸ್ತು ಮಾರ್ತೀರಿ. ಬೆಂಕಿ ಮಾರೀರಿ. ಮ್ಯಾಲೆ ಸೀಲ್ ಹಚ್ಚಿ, ಮುಟ್ಟಬ್ಯಾಡ್ರಿ ಅಂದೀರಿ. ಮುಟ್ಟಿ, ಹಚ್ಚಬ್ಯಾಡ ಅಂತ ಹೇಳಿದ ಹುಡುಗ ಇವತ್ತ ಲಾಕಪ್ಪಿನ್ಯಾಗ ಅದಾನ!"

ಸುಜಿತ್ ತಲೆ ಬಗ್ಗಿಸಿದ. ಅವಳಿಗೆ ಗೆದ್ದೆ ಅನಿಸಿತು. ನಾಳೆ ಕೋರ್ಟಿನಲ್ಲಿ ಶ್ರೀನಿಧಿಯ ಜಾಮೀನಿನ ಅರ್ಜಿ. ಈ ಗಟ್ಟಿ, ಈ ವೀಡಿಯೊ, ಓಂಕಾರನ ಸಾಕ್ಷಿ, ಇಷ್ಟೇ ಸಾಕು.

"ಬರ್ರಿ ನನ್ನ ಕೂಡ ನಾಸಿಕ್‌ಗೆ," ಎಂದಳು. "ಈಗ ನನಗ ಹೇಳಿದ್ದನ್ನ ಪೊಲೀಸರ ಮುಂದ ಹೇಳ್ರಿ."

"ಬರ್ತೇನೆ."

ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಸರಿ ಬರಲಿಲ್ಲ.

ಸುಜಿತ್ ತಲೆ ಎತ್ತಿದಾಗ ಮುಖದಲ್ಲಿ ಹೆದರಿಕೆ ಇರಲಿಲ್ಲ. "ಓಂಕಾರನ ಮಶೀನ್‌ದು ತಪ್ಪಾಯ್ತು. ಅದಕ್ಕೆ ಏನು ಬೇಕಾದ್ರೂ ಕೇಸ್ ಹಾಕಿ. ಆದ್ರೆ ಸಾಹಿತ್ಯಳ ಮಶೀನ್ ನನ್ನ ಹುಡುಗರು ಕಟ್ಟಿದ್ದಲ್ಲ. ಕೂತು ನಾನೇ ಕಟ್ಟಿದ್ದು. ಅದರಲ್ಲಿ ಸಿಮೆಂಟ್ ಇರ್ಲಿಲ್ಲ ಮೇಡಂ."

"ಉಳಿದವರಿಗೆಲ್ಲ ಸಿಮೆಂಟು, ಅಕಿಗೊಬ್ಬಾಕಿಗೆ ಬಂಗಾರ?"

"ಪಾರ್ಟ್‌ನರ್ ಮಗಳಿಗೆ ಯಾರಾದ್ರೂ ಸಿಮೆಂಟ್ ಹಾಕ್ತಾರಾ?"

ತುಳಸಿ ಮೊದಲು ತಪ್ಪು ಕೇಳಿಸಿತು ಅಂದುಕೊಂಡಳು.

"ಯಾರು ಪಾರ್ಟ್‌ನರ್?"

"ಮುದ್ದಣ್ಣ ಮಾಮ. ಮತ್ತೆ ಯಾರು? ಈ ಅಂಗಡಿಯಲ್ಲಿ ಅರ್ಧ ಅವರದ್ದೇ." ಸುಜಿತ್ ಬೆರಳಿನಿಂದ ಗೋಡೆ, ಕಪಾಟು, ಮೇಜು ಎಲ್ಲ ತೋರಿಸಿದ. "ಹೋಟೆಲಿನ ಹೆಸರು ಕೆಡಬಾರದು ಅಂತ ಹೊರಗೆ ಹೇಳೋದಿಲ್ಲ. ಮಾಲು ಎಂಥದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನನ್ನ ಹತ್ರ ಬಂದು ಕೂತು, ನನ್ನ ಹುಡುಗಿಗೆ ಒಳ್ಳೇದು ಹಾಕು, ನೀನೇ ಕಟ್ಟು ಅಂದ್ರು."

ತುಳಸಿಯ ಕಣ್ಣ ಮುಂದೆ ಹೆಗಲ ಮೇಲಿನ ಟವೆಲ್ ಬಂತು. ನಂಬಿದ್ದು ಮಾರಾಯ್ರೆ ಅಂದ ಆ ಗದ್ಗದ ದನಿ ಬಂತು. ಊರವರ ಮಕ್ಕಳಿಗೆಲ್ಲ ಇದೇ ಸಾಕು, ತನ್ನ ಮಗಳಿಗೆ ಮಾತ್ರ ಬೇರೆ!  ಸುಜಿತ್‌ನ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ಅದಕ್ಕೆ ಇನ್ನೊಂದು ಸಿಟ್ಟು ಬಂದು ಸೇರಿತು.

"ಸುಳ್ಳು," ಎಂದಳು, ಅಷ್ಟೇನೂ ನಂಬಿಕೆಯಿಲ್ಲದೆ.

"ನೋಡಿ."

ಅವನು ತನ್ನ ಮೊಬೈಲ್ ತೆಗೆದ. ಗಿರಾಕಿಗೆ ಕಳಿಸಲು ಕಟ್ಟುವಾಗ ತೆಗೆದ ವೀಡಿಯೊ. ಇದೇ ಮೇಜು. ಸಾಹಿತ್ಯ ಆರಿಸಿದ್ದ ಬಿಳಿ ಪೆಟ್ಟಿಗೆ, ಅದರ ಮುಂದೆ ಅವಳ ತಂಡದ ಗುರುತಾದ ಗಿಡುಗನ ಚಿತ್ರ. ಸುಜಿತ್‌ನ ಕೈಗಳು ಪವರ್ ಸಪ್ಲೈಯನ್ನು ಹೊಸ ರಟ್ಟಿನ ಡಬ್ಬಿಯಿಂದ ಹೊರಗೆ ತೆಗೆದವು. ಅದರ ಬೆನ್ನಿಗೆ ಸಾಲು ಸಾಲು ತೂತುಗಳು. ಒಂದೊಂದೇ ಕೇಬಲ್ ತೆಗೆದು, ಒಂದೊಂದೇ ತೂತಿಗೆ ಸಿಕ್ಕಿಸಿ, ಕ್ಲಿಕ್ ಎಂದು ಸದ್ದು ಬರುವವರೆಗೆ ಒತ್ತಿದ.

ತುಳಸಿ ವೀಡಿಯೊ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ನೋಡಿದಳು.

ಸುಟ್ಟ ಕಂಪ್ಯೂಟರನ್ನು ಅವಳು ಠಾಣೆಯಲ್ಲಿ ಕಣ್ಣಾರೆ ಕಂಡಿದ್ದಳು. ಬಿಳಿ ಪೆಟ್ಟಿಗೆ, ಕರಟಿದ ಗಿಡುಗ. ಅದರ ಪವರ್ ಸಪ್ಲೈಗೆ ಕೇಬಲ್ ಸಿಕ್ಕಿಸುವ ತೂತುಗಳೇ ಇರಲಿಲ್ಲ. ವಯರುಗಳೆಲ್ಲ ಒಂದೇ ಕಿಂಡಿಯಿಂದ ಗೊಂಚಲಾಗಿ ಹೊರಗೆ ಬಂದು ಒಂದಕ್ಕೊಂದು ಕರಗಿ ಅಂಟಿಕೊಂಡಿದ್ದವು. ಥೇಟ್ ಓಂಕಾರನದರ ಹಾಗೆ.

ಅಂದರೆ ಸುಟ್ಟದ್ದು ಈ ವೀಡಿಯೊದಲ್ಲಿರುವ ಡಬ್ಬಿಯಲ್ಲ. ಒಳ್ಳೆಯದನ್ನು ಯಾರೋ ತೆಗೆದು, ಅದರ ಜಾಗದಲ್ಲಿ ಸಿಮೆಂಟಿನ ಡಬ್ಬಿ ಕೂರಿಸಿದ್ದರು.

"ಸೀಲ್ ಹರಿದದ್ದು ಒಂದೇ ಸಲ ಮೇಡಂ," ಸುಜಿತ್ ನಿಧಾನವಾಗಿ ಹೇಳಿದ. "ಹರಿದದ್ದು ಯಾರು ಅಂತ ಅವನೇ ಒಪ್ಪಿಕೊಂಡಿದ್ದಾನೆ. ಆ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲಿಕ್ಕೆ ಬರೋದು ಒಬ್ಬನಿಗೇ. ಅವನಿಗೆ ಸ್ವಂತ ಕಂಪ್ಯೂಟರ್ ಉಂಟು, ತಾನೇ ಕಟ್ಟಿದ್ದು. ನಾನು ಹಾಕಿದ ಒಳ್ಳೇ ಸಪ್ಲೈ ಈಗ ಅದರೊಳಗೆ ಇರ್ತದೆ. ನೋಡಿ ಬೇಕಾದ್ರೆ. ನಂಬರ್ ನನ್ನ ಹತ್ರ ಉಂಟು."

"ಆ ಹುಡುಗ ಅಂಥವಲ್ಲ."

"ನಾಳೆ ಕೋರ್ಟಲ್ಲಿ ನೀವು ಸಿಮೆಂಟ್ ಇಡಿ. ನಾನು ಈ ವೀಡಿಯೊ ಇಡ್ತೇನೆ. ಪಾಹೂ ಮಗ, ಆಮೇಲೆ ನೋಡೋಣ."

ತುಳಸಿ ಎದ್ದಳು. ಗಟ್ಟಿಯನ್ನು ಚೀಲಕ್ಕೆ ಹಾಕಿಕೊಂಡಳು. ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದಾಗ ರಸ್ತೆಯ ಬಿಸಿಲು ಕಪಾಳಕ್ಕೆ ಹೊಡೆದ ಹಾಗಾಯಿತು.

ಯಾರ ಮೇಲೆ ಸಿಟ್ಟಾಗಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಸಿಮೆಂಟು ಮಾರಿದವ ಧೈರ್ಯವಾಗಿ ಕೋರ್ಟಿಗೆ ಬರುತ್ತೇನೆ ಅನ್ನುತ್ತಾನೆ. ಅದರಲ್ಲಿ ಅರ್ಧ ಪಾಲು ತಿಂದವ ತಂಗಿಯ ಮಗನ ಮೇಲೆ ದೂರು ಬರೆಸುತ್ತಾನೆ. ಇನ್ನು ಆ ಹುಡುಗ? ಅವನು ಬೆಂಚಿನ ಮೇಲೆ ಕೂತು, ಮುಖಕ್ಕೆ ಮುಖ ಕೊಟ್ಟೇ ತನಗೆ ಸುಳ್ಳು ಹೇಳಿದನೇ? ಬಿಚ್ಚಿದೆ, ನೋಡಿದೆ, ಮುಚ್ಚಿದೆ. ಅಷ್ಟೇನೋ, ಇನ್ನೂ ಏನಾದರೂ ಮಾಡಿದನೋ?

ಕಬ್ಬಿನ ಹಾಲಿನ ಗಾಡಿಯ ನೆರಳಿಗೆ ಸರಿದು ನಾಸಿಕ್‌ನಲ್ಲಿದ್ದ ಗುಣವತಿಗೆ ಫೋನ್ ಹಚ್ಚಿದಳು.

"ಅಕ್ಕಾ! ಎಂತಾಯ್ತು? ಏನಾದ್ರೂ ಸಿಕ್ತಾ?" ಗುಣವತಿಯ ದನಿ ಬಿರಿದಿತ್ತು.

"ಸಿಕ್ಕೈತಿ. ಅದು ಆಮ್ಯಾಲೆ ಹೇಳತೇನಿ. ಗುಣವತಿ, ಶ್ರೀನಿಧಿ ತಾನ ಕಟ್ಟಿದ ಕಂಪ್ಯೂಟರ್ ನಿಮ್ಮ ಮನ್ಯಾಗ ಐತೆಲ್ಲ? ಅದರ ಮುಂದ ಹೋಗಿ ನಿಂದ್ರು. ಬಗಲಿನ ಗಾಜಿನ್ಯಾಗಿಂದ ಒಳಗಿಂದೊಂದು ಫೋಟೋ ತಗದು ನನಗ ಕಳಸು."





"ಅದು ಇಲ್ಲಿಲ್ಲ ಅಕ್ಕ."

"ಪೊಲೀಸರು ಒಯ್ದರೇನು?"

"ಪೊಲೀಸರಲ್ಲ. ಅಣ್ಣ ಬಂದು ತಗೊಂಡು ಹೋದದ್ದು. ಸಾಹಿತ್ಯಳ ಮಶೀನ್ ಕೆಟ್ಟಿದೆ, ನಾಲ್ಕು ದಿನ ಇದು ಅಲ್ಲಿರಲಿ, ಅವಳಿಗೆ ಆಡ್ಲಿಕ್ಕೆ ಆಗ್ತದೆ ಅಂತ ಹೇಳಿದ. ಶ್ರೀನಿಧಿ ಕೆಲಸಕ್ಕೆ ಹೋಗಿದ್ದ. ನಾನೇ ಎತ್ತಿ ರಿಕ್ಷಾಕ್ಕೆ ಇಟ್ಟೆ."

"ಇಷ್ಟ ದಿನಾ ನನಗ್ಯಾಕ ಹೇಳಲಿಲ್ಲ?"

"ಅಣ್ಣ ಅಲ್ವಾ ಅಕ್ಕ? ಅವನು ತಗೊಂಡು ಹೋದ್ರೆ ಅದು ಹೇಳುವಂಥ ಸಂಗತಿ ಅಂತ ಅನಿಸ್ಲೇ ಇಲ್ಲ."

ತುಳಸಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಸುಟ್ಟ ಕೋಣೆಯನ್ನು ಅವಳು ಮೂಲೆ ಮೂಲೆ ನೋಡಿದ್ದಳು. ಅಲ್ಲಿ ಎರಡನೆಯ ಕಂಪ್ಯೂಟರ್ ಇರಲಿಲ್ಲ, ಅದರ ಬೂದಿಯೂ ಇರಲಿಲ್ಲ.

"ಯಾವತ್ತು ಬಂದಿದ್ದ? ನೆನಪ ಮಾಡ್ಕೊಂಡು ಹೇಳು."

"ಬೆಂಕಿ ಬಿದ್ದ ದಿನವೇ. ಅವತ್ತು ಮಧ್ಯಾಹ್ನ ನಮ್ಮಲ್ಲೇ ಊಟ ಮಾಡಿ ಹೋದ. ಸಂಜೆ ನೋಡಿದ್ರೆ ಹೀಗಾಯ್ತು."

ಕಬ್ಬು ಹಿಂಡುವ ಯಂತ್ರ ಕಿರಗುಟ್ಟುತ್ತಾ ತಿರುಗುತ್ತಿತ್ತು. ತುಳಸಿಗೆ ಅದರ ಸದ್ದು ಕೇಳಿಸಲಿಲ್ಲ. ಆ ದಿನ ಬೆಳಗಿನಿಂದ ಬೆಂಕಿಯ ಸುದ್ದಿ ಮುಟ್ಟುವವರೆಗೂ ತಾನು ಹೋಟೆಲಿಗೆ ಈರುಳ್ಳಿ ಕೊಳ್ಳಲು ಲಾಸಲಗಾಂವಿನ ಮಾರುಕಟ್ಟೆಯಲ್ಲಿದ್ದೆ, ನಾಸಿಕ್‌ನಲ್ಲಿ ಇರಲೇ ಇಲ್ಲ ಎಂದು ಮುದ್ದಣ್ಣ ಪೊಲೀಸರ ಮುಂದೆ ಆಣೆ ಮಾಡಿ ಹೇಳಿದ್ದ.